ಸೋಬಾನೆ ಕಂಡದ್ದು

ನಮ್ಮೂರಲ್ಲಿ ಕದ್ದು ದನ ಮೇಯಿಸಿ ದಕ್ಕಿಸಿಕೊಂಡವರು ಯಾರೂ ಇಲ್ಲ. ಹಗಲು ಯಾರ ಹೊಲಕ್ಕೆ ನುಗ್ಗಿಸಿದರೂ ಸಂಜೆಯ ಹಾಲು ಹೇಳಿಬಿಡುತ್ತದೆ. ಹಸು ಆ ದಿನ ಎಲ್ಲಿ ಬಾಯಿ ಹಾಕಿತೋ ಆ ಜಾಗ, ಅದರ ಹಾಲು ಕುಡಿದವರ ಕಣ್ಣ ಮುಂದೆ ಬಂದು ನಿಲ್ಲುತ್ತದೆ. ಗುಟುಕು ಗಂಟಲಿಳಿಯುವಷ್ಟು ಹೊತ್ತು ಇದ್ದು ಹೋಗುತ್ತದೆ. ಆಡು ಸಾಕುವ ಮುರುಡಪ್ಪ ಹರೆಯದಲ್ಲಿ ಒಮ್ಮೆ ತನ್ನ ಮಾವನ ರಾಗಿ ಹೊಲಕ್ಕೇ ಆಡು ಬಿಟ್ಟಿದ್ದನಂತೆ. ಆ ಸಂಜೆ ಅಳಿಯ ಕಳಿಸಿಕೊಟ್ಟ ಹಾಲನ್ನು ಮಾವ ಹೊಗಳುತ್ತಾ ಕುಡಿದು, ಲೋಟ ಕೆಳಗಿಟ್ಟು, ಮೂಲೆಯಲ್ಲಿದ್ದ ಕೋಲು ಕೈಗೆತ್ತಿಕೊಂಡನಂತೆ. ಮುರುಡಪ್ಪನಿಗೆ ಈಗ ಅರವತ್ತು ದಾಟಿದೆ. ಇವತ್ತಿಗೂ ಯಾರಾದರೂ ಅವನೆದುರು ರಾಗಿಯ ಮಾತೆತ್ತಿದರೆ ಉಳಿದವರು ನಗು ತಡೆದುಕೊಳ್ಳಬೇಕು.

ಕರೆದ ಬಿಸಿ ಹಾಲಲ್ಲಿ ಎಲ್ಲ ನಿಚ್ಚಳ. ಕಾಯಿಸಿದರೆ ಸ್ವಲ್ಪ ಮಸುಕು. ಮೊಸರಿನಲ್ಲಿ ಗಿಡ ಯಾವುದು, ಕಲ್ಲು ಯಾವುದು ಗೊತ್ತಾಗುವುದಿಲ್ಲ. ಮಜ್ಜಿಗೆಯಲ್ಲಿ ಬರೀ ಆಕಾಶದ ಬಣ್ಣ. ಶಬ್ದ ಮಾತ್ರ ಯಾವುದರಲ್ಲೂ ಇಲ್ಲ. ಹೊಳೆಯ ಸೇತುವೆ ದಾಟಿ ಕೆಳಗಿನ ಪೇಟೆಗೆ ಹೋದರೆ ಅದು ಹಾಲು, ಅಷ್ಟೇ. ಪೇಟೆಯವರು ಕಾಫಿಗೆ ಬೆರೆಸಿ ಕುಡಿದು ತಮ್ಮ ಪಾಡಿಗೆ ತಾವಿರುತ್ತಾರೆ. ಎದೆಹಾಲು ಕುಡಿಯುವ ಕೂಸುಗಳಿಗೆ ಏನು ಕಾಣುತ್ತದೋ, ಹೇಳುವ ವಯಸ್ಸಿಗೆ ಬರುವಷ್ಟರಲ್ಲಿ ಅವು ಮರೆತಿರುತ್ತವೆ.

ನನಗೆ ಹಾಲು ಆಗುವುದಿಲ್ಲ. ಚಿಕ್ಕಂದಿನಿಂದಲೂ ಅಷ್ಟೇ, ಒಂದು ಗುಟುಕು ಒಳಗೆ ಹೋದರೆ ಸಾಕು, ಹೊಟ್ಟೆ ನುಲಿಯುತ್ತದೆ. ನಮ್ಮೂರಲ್ಲಿ ಇದು ಅರೆಕುರುಡಿಗೆ ಸಮ. ಎಲ್ಲರೂ ಕುಡಿದು, ಕಂಡು, ಹರಟುವಾಗ ನಾನು ಕರಿಕಾಫಿಯ ಲೋಟ ಹಿಡಿದು ಅವರ ಬಾಯಿ ನೋಡುತ್ತಾ ಬೆಳೆದೆ. ನನ್ನ ಹೆಸರು ಬೊಮ್ಮಕ್ಕ. ಮದುವೆಯಾಗಿ ಎರಡು ವರ್ಷಕ್ಕೆ ತವರಿಗೆ ಮರಳಿದವಳು. ಆ ಕಥೆ ಬೇರೆ, ಅದು ಯಾವ ಹಸುವಿನ ಹಾಲಿನಲ್ಲೂ ಕಾಣುವಂಥದ್ದಲ್ಲ. ಮನೆಯಲ್ಲಿ ಇರುವವರು ನಾನು, ನಮ್ಮವ್ವ ಕಾಟವ್ವ, ಮತ್ತು ಸೋಬಾನೆ ಎಂಬ ಕೆಂಪು ಹಸು.

ಅವ್ವನದು ನನಗೆ ತಿರುಗುಮುರುಗು. ಈ ಕಥೆ ಶುರುವಾಗುವ ಹೊತ್ತಿಗೆ ಅವಳ ಕಣ್ಣು ಹೋಗಿ ಹನ್ನೊಂದು ವರ್ಷವಾಗಿತ್ತು. ನರ ಒಣಗಿದೆ, ಇನ್ನು ಬರುವುದಿಲ್ಲ ಎಂದು ಪೇಟೆಯ ಡಾಕ್ಟರು ಕೈಚೆಲ್ಲಿದ್ದರು. ದಿನದಲ್ಲಿ ಅವಳು ಏನಾದರೂ ಕಾಣುತ್ತಿದ್ದುದು ಒಂದೇ ಸಲ, ಸಂಜೆ ನಾನು ಸೋಬಾನೆಯನ್ನು ಕರೆದು ತಂದು ಕೈಗಿಟ್ಟ ಲೋಟದಲ್ಲಿ. ಅದನ್ನು ಅವಳು ಗಟಗಟನೆ ಕುಡಿಯುತ್ತಿರಲಿಲ್ಲ. ಹನಿಹನಿಯಾಗಿ ಇಳಿಸಿ, ಕುಡಿದಾದ ಮೇಲೆ ನನ್ನ ವಿಚಾರಣೆ ಶುರುಮಾಡುತ್ತಿದ್ದಳು.

"ಮಧ್ಯಾಹ್ನ ನಿದ್ದೆ ಹೊಡ್ದಿದೀಯ."

"ಅದು ನಿನಗೆಲ್ಲಿ ಕಾಣ್ತೈತೆ? ನಾನಿರೋದು ಹಸಿನ ಹಿಂದೆ."

"ಸೋಬಾನೆ ಒಂದೇ ಪೊದೆಗೆ ಮೂರು ಸಲ ಬಾಯಿ ಹಾಕಿದ್ಲು. ಕಾಯೋರು ಎಚ್ಚರಿದ್ರೆ ಅಲ್ಲೇ ಸುತ್ತುತ್ತಾಳಾ?"

ಹೀಗೆ ಅವ್ವ ಮನೆಯ ಜಗುಲಿಯಲ್ಲಿ ಕೂತೇ ನಮ್ಮ ಎಮ್ಮೆಬೆನ್ನು ಗುಡ್ಡವನ್ನು ಇಂಚಿಂಚೂ ಬಲ್ಲವಳಾಗಿದ್ದಳು. ಅವಳು ಸಣ್ಣವಳಿದ್ದಾಗ ಗುಡ್ಡದ ಜೋಡಿಕಲ್ಲಿನ ಕೆಳಗೆ ಒಂದು ಒರತೆ ಇತ್ತಂತೆ, ಬೊಗಸೆಯೊಡ್ಡಿ ನೀರು ಕುಡಿದು ಬೆಳೆದವಳು. ಒರತೆ ಬತ್ತಿ ಎಷ್ಟೋ ಕಾಲವಾಗಿತ್ತು. ಆದರೂ ನಾನು ಆ ಕಡೆ ಹೋದ ದಿನ ಅವ್ವ ಕೇಳುತ್ತಿದ್ದಳು, "ಕಲ್ಲು ಒದ್ದೆ ಐತಾ?" ಎಂದು. ಇಲ್ಲ ಎಂದರೆ, "ನಂಗೂ ಹಂಗೇ ಕಾಣ್ತು" ಎನ್ನುತ್ತಿದ್ದಳು.

ಗುಡ್ಡ ಬೋಳಾಗುತ್ತಿದೆ ಎಂಬುದನ್ನು ಊರಿನಲ್ಲಿ ಮೊದಲು ಕಂಡವಳು ಅವ್ವನೇ. ಕಣ್ಣಿದ್ದವರು ದಿನಾ ನೋಡುತ್ತಿದ್ದೆವಲ್ಲ, ಅದಕ್ಕೇ ನಮಗೆ ಕಾಣಲಿಲ್ಲ. ಒಂದು ಸಂಜೆ ಅವ್ವ ಲೋಟ ಅರ್ಧಕ್ಕೇ ಇಳಿಸಿ, "ಬೊಮ್ಮಿ, ಹುಲ್ಲೆಲ್ಲಿ ಹೋಯ್ತು?" ಎಂದಳು. "ಇದೆಯಲ್ಲ" ಎಂದೆ. "ಸುಳ್ಳು ಹೇಳಬ್ಯಾಡ. ಮುಂಚೆ ಸೋಬಾನೆ ಒಂದು ಕಡೆ ನಿಂತು ತಲೆ ಎತ್ತದೆ ಮೇಯೋಳು. ಈಗ ನಡೀತಾಳೆ, ನಡೀತಾಳೆ, ಒಂದು ಬಾಯಿ, ಮತ್ತೆ ನಡೀತಾಳೆ. ದಾರಿಯೆಲ್ಲ ಕಲ್ಲು. ನಂಗೆ ಕಾಣೋದು ಇದೊಂದೇ ಕಣೆ, ಇದೂ ಹೋದ್ರೆ ನಾನೇನು ನೋಡ್ಲಿ?" ಎಂದಳು.   ಊರಲ್ಲಿದ್ದ ದನ, ಎಮ್ಮೆ, ಆಡು ಎಲ್ಲಕ್ಕೂ ಅದೊಂದೇ ಗುಡ್ಡ. ಎಲ್ಲರೂ ದಿನಾ ಹತ್ತಿಸುತ್ತಿದ್ದೆವು. ಹುಲ್ಲು ತಲೆಯೆತ್ತುವ ಮೊದಲೇ ಒಂದಲ್ಲ ಒಂದು ಬಾಯಿ ಅದನ್ನು ಕಿತ್ತುಕೊಳ್ಳುತ್ತಿತ್ತು.

ಹುಲ್ಲಿನ ಜೊತೆ ಹಾಲೂ ಇಳಿಯಿತು. ಹಾಲಿನ ಜೊತೆ ವ್ಯಾನು. ನಮ್ಮೂರಿಗೆ ಹೊರಗಿನಿಂದ ಏನೇ ಬಂದರೂ ಅದು ಹಾಲಿನ ವ್ಯಾನಿನಲ್ಲೇ ಬರಬೇಕು. ಖಾಲಿ ಕ್ಯಾನುಗಳ ಜೊತೆ ಶಾಲೆಯ ಪುಸ್ತಕ, ಔಷಧಿ, ಬಿತ್ತನೆ ಬೀಜ, ಮಂಗಳವಾರ ನರ್ಸಮ್ಮ. ಆದರೆ ಹತ್ತು ಕ್ಯಾನು ತುಂಬದಿದ್ದರೆ ಮರುದಿನ ವ್ಯಾನು ಹತ್ತುವುದಿಲ್ಲ, ಅಷ್ಟು ದೂರದ ಏರಿಗೆ ಅವರಿಗೆ ಗಿಟ್ಟುವುದಿಲ್ಲವಂತೆ. ನಮ್ಮ ಡೈರಿಯ ಕಾರ್ಯದರ್ಶಿ ಪಾಲಯ್ಯ ಪ್ರತಿ ಸಂಜೆ ಕ್ಯಾನು ಎಣಿಸಿ ಪೇಟೆಗೆ ಫೋನು ಮಾಡುತ್ತಿದ್ದ. ಆ ಬೇಸಿಗೆಯಲ್ಲಿ ವ್ಯಾನು ವಾರಕ್ಕೆ ಮೂರೇ ದಿನ ಬಂತು. ಪಾಲಯ್ಯನ ಸೊಸೆಗೆ ನೋವು ಬಂದದ್ದು ವ್ಯಾನಿಲ್ಲದ ದಿನ. ಎತ್ತಿನ ಗಾಡಿಯಲ್ಲಿ ಪೇಟೆ ತಲುಪುವಷ್ಟರಲ್ಲಿ ಕೂಸು ಸೇತುವೆಯ ಮೇಲೇ ಹುಟ್ಟಿತು. ಇಬ್ಬರೂ ಉಳಿದರು, ಆದರೆ ಪಾಲಯ್ಯ ಅಂದಿನಿಂದ ಕ್ಯಾನು ಎಣಿಸುವಾಗ ಬೆವರುತ್ತಿದ್ದ.

ವ್ಯಾನು ಬಂದ ಒಂದು ದಿನ ಅದರಿಂದ ಪಶುವೈದ್ಯೆ ಜುಲೇಖಾ ಇಳಿದರು. ಎತ್ತರದ ಹೆಂಗಸು, ಕಾಲಿಗೆ ಗಂಡಸರ ಬೂಟು. ಇಡೀ ದಿನ ಗುಡ್ಡ ಸುತ್ತಿ, ಸಂಜೆ ಶಾಲೆಯ ಅಂಗಳದಲ್ಲಿ ಸಭೆ ಕರೆದು ನೇರವಾಗಿ ಹೇಳಿದರು. "ಗುಡ್ಡಕ್ಕೆ ಮೂರು ವರ್ಷ ದನ ಹತ್ತಿಸಬೇಡಿ. ಬದುಗಳ ಮೇಲೆ ಮೇವಿನ ಹುಲ್ಲು ಹಾಕಿ, ಅಗಸೆ, ನುಗ್ಗೆ ನೆಡಿ. ದನಗಳನ್ನ ಕೊಟ್ಟಿಗೆಯಲ್ಲೇ ಕಟ್ಟಿ ಮೇಯಿಸಿ. ಸಾಕೋಕೆ ಆಗದಷ್ಟು ಇಟ್ಕೋಬೇಡಿ, ಇರೋದನ್ನ ಚೆನ್ನಾಗಿ ನೋಡ್ಕೊಳ್ಳಿ. ಸಗಣಿ ಒಂದೇ ಕಡೆ ಸಿಗುತ್ತೆ, ಗ್ಯಾಸು ಮಾಡ್ಕೋಬಹುದು, ಗೊಬ್ಬರವೂ ಆಗುತ್ತೆ."

 ಕೊನೆಗೆ ಯಾರೋ ಹಿಂದಿನಿಂದ, "ಕೊಟ್ಟಿಗೇಲಿ ಕಟ್ಟಿದ್ರೆ ಹಾಲಲ್ಲಿ ಏನು ಕಾಣ್ತೈತೆ?" ಎಂದರು.

"ಏನು ಕಾಣಬೇಕು?" ಎಂದು ಡಾಕ್ಟರು ನಮ್ಮ ಮುಖ ನೋಡಿದರು. ಹೊರಗಿನವರು, ಪಾಪ.

"ಗೋಡೆ ಕಾಣ್ತೈತೆ, ಇನ್ನೇನು" ಎಂದ ಮುರುಡಪ್ಪ ಎದ್ದು ನಿಂತು. "ಮೂರು ವರ್ಷ ದಿನಾ ಎರಡು ಹೊತ್ತು ಗೋಡೆ. ನಂಗೆ ನಲವತ್ತು ಆಡು ಅವೆ, ಕಟ್ಟೋಕೆ ನಲವತ್ತು ಗೂಟ ಎಲ್ಲಿಂದ ತರ್ಲಿ? ಆಗಕ್ಕಿಲ್ಲ ಬಿಡಿ."

ಜನ ಏಳತೊಡಗಿದರು. ಆಗ ಎದ್ದವಳು ನಾನು. ಡಾಕ್ಟರು ಗುಡ್ಡ ಸುತ್ತುವಾಗ ಆಡಿದ ಮಾತು ಮಧ್ಯಾಹ್ನವೇ ಊರಲ್ಲಿ ಹಬ್ಬಿತ್ತು, ಅವ್ವ ನನ್ನನ್ನು ಕೂರಿಸಿಕೊಂಡು ಹೇಳಿ ಕಳಿಸಿದ್ದಳು. ಆ ಮಾತನ್ನೇ ಆಡಿದೆ. "ನಮ್ಮವ್ವಂಗೆ ಗುಡ್ಡ ಬಿಟ್ರೆ ನೋಡೋಕೆ ಬೇರೆ ಏನೂ ಇಲ್ಲ. ಅವಳೇ ಮೂರು ವರ್ಷ ಗೋಡೆ ನೋಡ್ಕೊಂಡು ಇರ್ತೀನಿ ಅಂತಾಳೆ. ಎರಡೆರಡು ಕಣ್ಣಿರೋ ನಿಮಗೇನು ಬಂದೈತೆ?" ಅಷ್ಟು ಹೇಳಿ ಕೂತೆ. ಮುರುಡಪ್ಪನೂ ಕೂತ. ಗುಡ್ಡದ ಬುಡದಲ್ಲಿ ಸುಣ್ಣ ಬಳಿದ ಕಲ್ಲುಗಳ ಸಾಲು ಇಡುವುದು, ಅದನ್ನು ದಾಟಿ ದನ ಹತ್ತಿಸಿದವರು ಒಂದು ತಿಂಗಳು ಗುಡ್ಡದಲ್ಲಿ ಮಳೆನೀರು ತಡೆಯುವ ಒಡ್ಡಿಗೆ ಕಲ್ಲು ಹೊರುವುದು ಎಂದು ತೀರ್ಮಾನವಾಯಿತು.

ಹೇಳುವುದು ಸುಲಭ. ದನವನ್ನು ಮೇವಿನ ಬಳಿಗೆ ಹೊಡೆಯುವುದು ಬೇರೆ, ಮೇವನ್ನು ದನದ ಬಳಿಗೆ ಹೊರುವುದು ಬೇರೆ. ಬೆಳಗ್ಗೆ ಒಂದು ಹೊರೆ, ಸಂಜೆ ಒಂದು ಹೊರೆ. ಬದುವಿನ ಹುಲ್ಲು ಮೊದಲ ಮಳೆಗೆ ಚಿಗುರುವವರೆಗೂ ಒಣಗಿದ ಜೋಳದ ಸಪ್ಪೆ, ಅಗಸೆ ಸೊಪ್ಪು, ಸಿಕ್ಕಿದ್ದು. ಕುತ್ತಿಗೆ ಸೇದಿಹೋಗುತ್ತಿತ್ತು. ಹೊರೆ ಇಳಿಸಿ, ಸೋಬಾನೆಯ ಎದುರು ನಿಂತು, ಹಿಡಿ ಹಿಡಿಯಾಗಿ ಬಾಯಿಗೆ ಕೊಡುತ್ತಾ ಗೊಣಗುವುದು ನನಗೆ ರೂಢಿಯಾಯಿತು. ಬೇರೆ ಯಾರ ಹತ್ತಿರ ಹೇಳಿಕೊಳ್ಳಲಿ? ಗಂಡನನ್ನು ಬೈದೆ, ಬಿಸಿಲನ್ನು ಬೈದೆ, ಸಭೆಯಲ್ಲಿ ಎದ್ದು ನಿಂತ ನನ್ನ ಬಾಯಿಯನ್ನೇ ಬೈದುಕೊಂಡೆ. ಕೆಲವು ದಿನ ಅತ್ತದ್ದೂ ಉಂಟು. ಸೋಬಾನೆ ದೊಡ್ಡ ಕಣ್ಣು ಬಿಟ್ಟುಕೊಂಡು ಮೆಲ್ಲುತ್ತಾ ನಿಂತಿರುತ್ತಿದ್ದಳು.

ಸಂಜೆ ಅವ್ವನಿಗೆ ಲೋಟ ಕೊಟ್ಟು, "ಏನು ಕಂಡೆ?" ಎಂದು ಕೇಳುವೆ.

"ಗೋಡೆ ಕಣೆ."

ಅಷ್ಟೇ. ವಿಚಾರಣೆಯಿಲ್ಲ, ವರದಿಯಿಲ್ಲ. ಲೋಟ ಮಡಿಲಲ್ಲಿಟ್ಟುಕೊಂಡು ಎಷ್ಟೋ ಹೊತ್ತು ಸುಮ್ಮನೆ ಕೂತಿರುತ್ತಿದ್ದಳು.  ಗೋಡೆಗಾದರೂ ಏನಾದರೂ ಮಾಡೋಣವೆಂದು ಸುಣ್ಣ ಬಳಿದು ಕೆಮ್ಮಣ್ಣಿನಲ್ಲಿ ಒಂದು ಆನೆ ಬರೆದೆ. ಆ ಸಂಜೆ ಅವ್ವ, "ಆನೆಗೆ ಮೂರೇ ಕಾಲು ಕಣೇ, ಬೊಮ್ಮಿ" ಎಂದಳು. ಓಡಿ ಹೋಗಿ ನೋಡಿದರೆ ಹೌದು. ನಾಲ್ಕನೆಯ ಕಾಲು ಬರೆದೆ, ಪಕ್ಕದಲ್ಲಿ ಒಂದು ನವಿಲು, ಒಂದು ಬಾಳೆಗಿಡ. ಇದನ್ನು ನೋಡಿ ಊರಿನ ಹೆಂಗಸರೆಲ್ಲ ಕೊಟ್ಟಿಗೆಯ ಗೋಡೆಗೆ ಚಿತ್ರ ಬರೆಯತೊಡಗಿದರು. ಪಾಲಯ್ಯನ ಹೆಂಡತಿ ವ್ಯಾನನ್ನೇ ಬರೆದಿದ್ದಳು, ಹತ್ತು ಕ್ಯಾನಿನ ಸಮೇತ.

ಒಳ್ಳೆಯದೂ ಆಗುತ್ತಿತ್ತು, ಅದನ್ನು ಮುಚ್ಚಿಡಬಾರದು. ಸಗಣಿಗೆ ಗುಡ್ಡವೆಲ್ಲ ಅಲೆಯುವುದು ತಪ್ಪಿತು. ಡಾಕ್ಟರು ಮುಂದೆ ನಿಂತು ಶಾಲೆಯ ಹಿಂದೆ ಒಂದು ಗ್ಯಾಸಿನ ಗುಂಡಿ ಕಟ್ಟಿಸಿದರು. ಮಕ್ಕಳ ಅಡುಗೆ ಅದರಲ್ಲೇ ಆಗತೊಡಗಿ, ಅಡುಗೆಯವಳ ಕೆಮ್ಮು ನಿಂತಿತು. ಗುಂಡಿಯಿಂದ ಬಂದ ಗೊಬ್ಬರ ಹಾಕಿದ ಹೊಲದಲ್ಲಿ ರಾಗಿ ತೆನೆ ಬಾಗಿ ನಿಂತದ್ದನ್ನು ನೋಡಿ ಮುರುಡಪ್ಪ ಕೂಡ ಒಮ್ಮೆ ನಿಂತು ಕೈಯಾಡಿಸಿದ. ಅವನು ರಾಗಿ ಹೊಲದಲ್ಲಿ ನಿಂತದ್ದನ್ನು ನೋಡಿ ಜನ ಏನು ಅಂದುಕೊಂಡರೆಂದು ಬೇರೆ ಹೇಳಬೇಕಿಲ್ಲ. ಆದರೆ ಹಾಲು ಮಾತ್ರ ಹತ್ತು ಕ್ಯಾನಿನ ಅಂಚಿನಲ್ಲೇ ತೂಗುತ್ತಿತ್ತು. ಒಂದು ದಿನ ತುಂಬಿದರೆ ಇನ್ನೊಂದು ದಿನ ಇಲ್ಲ.

ಎರಡನೆಯ ವರ್ಷ ಮುಗಿಯುವಾಗ ಜನರ ತಾಳ್ಮೆ ಮುಗಿದಿತ್ತು. ಗುಡ್ಡಕ್ಕೆ ದನ ಹೋಗುವುದಿಲ್ಲ, ಹಾಗಾಗಿ ಯಾರ ಹಾಲಿನಲ್ಲೂ ಗುಡ್ಡ ಕಾಣುವುದಿಲ್ಲ. ನಮ್ಮ ಜನಕ್ಕೆ ಹಾಲಿನಲ್ಲಿ ಕಾಣದ್ದು ಇಲ್ಲವೆಂದೇ ಲೆಕ್ಕ. ಕೆಳಗಿನಿಂದ ನೋಡಿದರೆ ಬಂಡೆಗಳ ಹಣೆಯಷ್ಟೇ ಕಾಣುತ್ತಿತ್ತು. ಹತ್ತಿ ನೋಡುವ ಕಷ್ಟ ಯಾರೂ ತೆಗೆದುಕೊಳ್ಳಲಿಲ್ಲ, ನಾನೂ ಸೇರಿ. "ಏನೂ ಬಂದಿಲ್ಲ ಕಣ್ರೀ, ಸುಮ್ನೆ ಕಟ್ಟಿ ಹಾಕ್ಕೊಂಡು ಸಾಯ್ತಿದೀವಿ" ಎಂದು ಮುರುಡಪ್ಪ ಟೀ ಅಂಗಡಿಯಲ್ಲಿ ಹೇಳುವುದು, ಕೇಳಿದವರು ತಲೆಯಾಡಿಸುವುದು. ಮುಂದಿನ ಸೋಮವಾರ ಸಭೆ ಸೇರಿ ಕಲ್ಲಿನ ಸಾಲು ತೆಗೆಯುವುದೆಂದು ಮಾತಾಗಿತ್ತು.

ಅದೇ ವಾರ ಅವ್ವ ಮಲಗಿದಳು. ಕೆಮ್ಮು, ಜ್ವರ. ಊಟ ಸೇರದು. ನರ್ಸಮ್ಮ ಮಂಗಳವಾರ ಬರಬೇಕು. ಅಂದು ಸೋಮವಾರ, ಸಭೆಗೆ ಇನ್ನೂ ಏಳು ದಿನವಿತ್ತು. ಅವ್ವನ ಕೈ ಹಿಡಿದು ಕೂತಿದ್ದಾಗ ನನಗೆ ಒಂದೇ ಯೋಚನೆ. ಇವಳು ಹೋಗಿಬಿಟ್ಟರೆ? ಕೊನೆಗೆ ಕಂಡದ್ದು ಏನು, ಕೆಮ್ಮಣ್ಣಿನ ಆನೆಯೆ? ಗುಡ್ಡ ಬೋಳೇ ಇರಲಿ, ಜೋಡಿಕಲ್ಲನ್ನಾದರೂ ಇನ್ನೊಂದು ಸಲ ನೋಡಲಿ. ಊರು ಬಿಸಿಲಿಗೆ ಕದ ಹಾಕಿಕೊಂಡು ಮಲಗಿದ ಮಟಮಟ ಮಧ್ಯಾಹ್ನ ಸೋಬಾನೆಯ ಹಗ್ಗ ಬಿಚ್ಚಿದೆ. ಸುಣ್ಣದ ಕಲ್ಲಿನ ಬಳಿ ಅವಳು ನಿಂತುಬಿಟ್ಟಳು. ಹಿಂದಿನಿಂದ ನೂಕಬೇಕಾಯಿತು. ನೂಕುವಾಗ ನನ್ನ ಮುಖ ಉರಿಯುತ್ತಿತ್ತು, ಬಿಸಿಲಿಗಲ್ಲ.

ಮೊದಲ ಏರು ಹತ್ತಿದ್ದೇ ಸೋಬಾನೆ ಓಡಿದಳು. ನಾನು ಏದುತ್ತಾ ಹಿಂದೆ ಹೋಗಿ ನೋಡಿದರೆ ಬಂಡೆಗಳ ನಡುವೆಲ್ಲ ಹುಲ್ಲು. ಮೊಣಕಾಲುದ್ದ. ಎರಡು ಮಳೆ ಕಂಡ ಹುಲ್ಲು, ಬುಡ ಹಸಿರು, ತುದಿ ಹೊಂಬಣ್ಣ, ಗಾಳಿಗೆ ಒಂದೇ ಕಡೆ ಒಲೆದು ನಿಲ್ಲುತ್ತಿತ್ತು. ಒಳಗೆ ಕಾಲಿಟ್ಟರೆ ಮಿಡತೆಗಳು ಸಿಡಿದವು. ನನಗೆ ನಗು ಬಂತು, ಅಳುವೂ ಬಂತು. ಯಾರನ್ನಾದರೂ ಕೂಗಿ ಕರೆಯಬೇಕೆನ್ನಿಸಿತು, ಕರೆಯುವ ಹಾಗಿರಲಿಲ್ಲ. ಸೋಬಾನೆ ನಿಂತಲ್ಲೇ ನಿಂತು, ತಲೆ ಎತ್ತದೆ, ಹೊಟ್ಟೆ ಬಿರಿಯುವಂತೆ ಮೇಯ್ದಳು.

ಆ ಸಂಜೆ ಅವಳು ಎಂದಿನ ಎರಡರಷ್ಟು ಕರೆದಳು. ಅವ್ವನನ್ನು ಒರಗಿಸಿ ಕೂರಿಸಿ ಲೋಟವನ್ನು ತುಟಿಗೆ ಹಿಡಿದೆ. ಒಂದು ಗುಟುಕು ಇಳಿಯಿತು. ಅವಳ ಹುಬ್ಬುಗಳು ಮೇಲೇರಿದವು. "ಹುಲ್ಲು ಬಂದೈತೆ" ಎಂದಳು ಪಿಸುಮಾತಿನಲ್ಲಿ. ಇನ್ನೊಂದು ಗುಟುಕು. "ಜೋಡಿಕಲ್ಲಿನ ಬುಡದಲ್ಲಿ ಪಾಚಿ." ಕೊನೆಯ ಗುಟುಕಿನವರೆಗೂ ಏನನ್ನೋ ಹುಡುಕುವವಳಂತೆ ನಿಧಾನವಾಗಿ ಕುಡಿದಳು. ಆಮೇಲೆ ನಾನು ಎಣಿಸದ ಮಾತು ಬಂತು. "ಇದನ್ನ ಯಾರು ಕೇಳಿದ್ರೇ ನಿನ್ನ? ಉಳಿದ ಹಾಲಿಗೆ ಹೆಪ್ಪು ಹಾಕು. ಡೈರಿಗೆ ಒಂದು ಹನಿ ಹೋಗಬ್ಯಾಡ." ಹಾಗೆಂದು ಗೋಡೆಯ ಕಡೆ ತಿರುಗಿ ಮಲಗಿದಳು. ಊರಿನ ಕಟ್ಟಳೆ ಮುರಿದೆನೆಂದು ಕೋಪವೆಂದುಕೊಂಡೆ.

ಹೆಪ್ಪಿಗೆ ಮಜ್ಜಿಗೆ ಹುಡುಕುತ್ತಿದ್ದಾಗ ಪಾಲಯ್ಯ ಬಾಗಿಲಲ್ಲಿ ನಿಂತಿದ್ದ. "ಬೊಮ್ಮಕ್ಕ, ಇವತ್ತಿಂದು ತರ್ಲೇ ಇಲ್ವಲ್ಲ? ಹತ್ತನೇ ಕ್ಯಾನು ಎರಡು ಲೀಟರು ಕಮ್ಮಿ ಐತೆ. ನಾಳೆ ಮಂಗಳವಾರ, ನರ್ಸಮ್ಮ ಬರೋ ದಿನ. ಕಾಟವ್ವಂಗೂ ಹುಷಾರಿಲ್ಲ ಅಂತಿದ್ದೆ." ಅವನ ಹಣೆಯಲ್ಲಿ ಬೆವರು. ನನ್ನ ಕೈಯಲ್ಲಿ ತುಂಬಿದ ಚೊಂಬು. ಇನ್ನೂರು ದನಗಳ ಗೋಡೆಯ ನಡುವೆ ಒಂದು ಹಸುವಿನ ಹುಲ್ಲು ಎಲ್ಲಿ ಕಂಡೀತು, ಗೋಡೆಯೇ ಅದನ್ನು ಮುಚ್ಚಿಹಾಕುತ್ತದೆ ಎಂದು ನನ್ನ ಲೆಕ್ಕ. ಜನ್ಮದಲ್ಲಿ ಹಾಲು ಕುಡಿಯದವಳು ಮಾತ್ರ ಹಾಕಬಹುದಾದ ಲೆಕ್ಕ ಅದು. ಚೊಂಬನ್ನು ಪಾಲಯ್ಯನ ಕೈಗೆ ಕೊಟ್ಟೆ.

ಶಾಲೆಯ ಮಕ್ಕಳಿಗೆ ಬೆಳಗ್ಗೆ ಒಂದೊಂದು ಲೋಟ ಹಾಲು ಕೊಡುವ ಪದ್ಧತಿಯಿದೆ. ಅದನ್ನು ತೆಗೆಯುವುದು ಹತ್ತನೆಯ ಕ್ಯಾನಿನಿಂದಲೇ. ಮಕ್ಕಳ ಪಾಲನ್ನೂ ಹತ್ತರ ಲೆಕ್ಕಕ್ಕೇ ಹಿಡಿಯುವುದರಿಂದ ವ್ಯಾನಿನವರು ತಕರಾರು ಮಾಡುವುದಿಲ್ಲ. ಇದು ನನಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಆ ಸಂಜೆ ನೆನಪಾಗಲಿಲ್ಲ, ಅಷ್ಟೇ. ಬೆಳಗ್ಗೆ ಚೊಂಬು ವಾಪಸು ತರಲು ಡೈರಿಗೆ ಹೋದೆ. ಪಕ್ಕದಲ್ಲೇ ಶಾಲೆ. ಅರವತ್ತು ಮಕ್ಕಳು ಸಾಲಾಗಿ ಕೂತು ಲೋಟ ಎತ್ತಿದರು. ಎರಡು ವರ್ಷದಿಂದ ಅವರಿಗೆ ಇದು ಬೇಸರದ ಆಟ; ಕಣ್ಣು ಮುಚ್ಚಿ, ಒಂದೊಂದು ಗುಟುಕಿಗೂ ರಾಗವಾಗಿ ಹೇಳುತ್ತಿದ್ದರು, "ಗೋಡೆ... ಗೋಡೆ... ಆನೆ... ಗೋಡೆ..." ಇದ್ದಕ್ಕಿದ್ದಂತೆ ಒಂದು ಹುಡುಗಿ ಕಿರುಚಿತು, "ಹುಲ್ಲು!"

 ಆಮೇಲೆ ಅರವತ್ತೂ ಬಾಯಿ ಒಟ್ಟಿಗೆ. "ಹುಲ್ಲು, ಹುಲ್ಲು! ನನಗಿಂತ ಎತ್ತರ! ಮಿಡತೆ ಹಾರ್ತು! ಜೋಡಿಕಲ್ಲು, ಜೋಡಿಕಲ್ಲು!" ಕೆಲವು ಲೋಟಗಳು ಉರುಳಿದವು. ಅಂಥ ಹುಲ್ಲನ್ನು ಆ ಮಕ್ಕಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಮೇಷ್ಟ್ರು ಓಡಿಬಂದರು, ಟೀ ಅಂಗಡಿಯವರು ಬಂದರು, ಗಳಿಗೆಯಲ್ಲಿ ಊರೇ ಬಂತು. ಹುಲ್ಲು ಬಂದಿದೆ ಎಂಬ ಸಂತೋಷ ಒಂದು ನಿಮಿಷ. ಮರುನಿಮಿಷ, ಯಾರ ದನ ಹತ್ತಿತು ಎಂಬ ಪ್ರಶ್ನೆ. ಎಲ್ಲರೂ ಒಬ್ಬನ ಕಡೆಗೇ ತಿರುಗಿದರು.

"ನಾನಲ್ಲ" ಎಂದ ಮುರುಡಪ್ಪ. "ನಮ್ಮಪ್ಪನಾಣೆ ನಾನಲ್ಲ."

"ರಾಗಿ ಹೊಲಕ್ಕೆ ಬಿಟ್ಟಾಗ್ಲೂ ಹಿಂಗೇ ಅಂದಿದ್ದೆ" ಎಂದಿತು ಒಂದು ದನಿ. ಈ ಸಲ ಯಾರೂ ನಗಲಿಲ್ಲ. ಮುದುಕನ ಮುಖ ಸಣ್ಣದಾಯಿತು.  ನಾನು ಖಾಲಿ ಚೊಂಬು ಹಿಡಿದು ಗುಂಪಿನ ಹಿಂದೆ ನಿಂತಿದ್ದೆ. ಸುಮ್ಮನಿದ್ದರೆ ಅದು ಅವನ ತಲೆಗೇ ಸುತ್ತಿಕೊಳ್ಳುತ್ತಿತ್ತು. ನನ್ನ ಕಾಲು ಕದಲಲಿಲ್ಲ, ಆದರೆ ಬಾಯಿ ತಾನಾಗಿ ಆಡಿತು, ಎಂದಿನಂತೆ.

"ಹತ್ತಿಸಿದ್ದು ನಾನು. ಸೋಬಾನೇನ."

ಪಾಲಯ್ಯ ನನ್ನನ್ನು ನೋಡಿದ ನೋಟವನ್ನು ನಾನು ಮರೆಯಲಾರೆ. "ಕಟ್ಟಳೆ ಮಾಡ್ರಿ ಅಂತ ನಿಂತು ಮಾತಾಡಿದೋಳು ನೀನೇ ಅಲ್ವಾ ಬೊಮ್ಮಕ್ಕ?" ಹೌದೆಂದು ತಲೆಯಾಡಿಸಿದೆ. ಅವ್ವನ ಜ್ವರದ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಅವಳನ್ನು ಅಡ್ಡ ಹಿಡಿದುಕೊಂಡು ತಪ್ಪಿಸಿಕೊಳ್ಳುವುದು ಬೇಡವೆನ್ನಿಸಿತು.

"ಇರ್ಲಿ, ಬಂದೈತಲ್ಲ ಹುಲ್ಲು!" ಎಂದು ಗುಂಪಿನಲ್ಲಿ ಯಾರೋ ಕೂಗಿದರು. "ಇನ್ಯಾಕೆ ಕಾಯೋದು? ಸೋಮವಾರ ಯಾಕೆ, ಇವತ್ತೇ ಕಲ್ಲು ತೆಗೀರಿ!" ಹೌದು ಹೌದು ಎಂದು ನಾಲ್ಕಾರು ಜನ ಹೊರಟೇಬಿಟ್ಟರು.  ಎರಡು ವರ್ಷ ಕಾದದ್ದು ನನ್ನ ಒಂದು ಚೊಂಬು ಹಾಲಿನಿಂದ ಒಂದು ವಾರದಲ್ಲಿ ಮೇಯ್ದು ಮುಗಿಯುವ ಹಾಗಾಯಿತಲ್ಲ. ಆಗ ಅಡ್ಡ ನಿಂತವನು ಮುರುಡಪ್ಪ.

"ನಿಲ್ಲಿ" ಎಂದ. "ಹುಲ್ಲು ಎಷ್ಟುದ್ದ ಅಂದ್ರಿ ಮಕ್ಳಾ?" ಮಕ್ಕಳು ಕೈ ತೋರಿಸಿದರು. "ಅಷ್ಟುದ್ದ ಹುಲ್ಲು ನಾನು ನೋಡಿದ್ದು ಮದುವೆಗೆ ಮುಂಚೆ. ನನ್ನ ನಲವತ್ತು ಆಡಿಗೆ ಅದು ಎಂಟು ದಿನದ ಕೆಲಸ. ಬುಡ ಸಮೇತ ಕಿತ್ತಾಕ್ತವೆ. ನನ್ನ ಆಡು ನಂಗೊತ್ತಿಲ್ವಾ?" ಹೊರಟವರಿಗೆ ಕೈ ಅಡ್ಡ ಹಿಡಿದ. "ಕುಡುಗೋಲು ಹತ್ತಲಿ. ಕಾಲು ಹತ್ತೋದು ಬ್ಯಾಡ. ಕೊಯ್ದು ತಂದ್ರೆ ಬುಡ ಉಳೀತೈತೆ."

ಹಾಗೇ ಆಯಿತು. ಮನೆಗೊಂದು ಹೊರೆ, ವಾರಕ್ಕೆ ಎರಡು ದಿನ. ಬುಡದಿಂದ ನಾಲ್ಕು ಬೆರಳು ಬಿಟ್ಟು ಕೊಯ್ಯಬೇಕು. ಗುಡ್ಡದ ಹುಲ್ಲು ಕೊಟ್ಟಿಗೆಗೆ ಬಂದ ಒಂದೇ ವಾರಕ್ಕೆ ಹತ್ತು ಕ್ಯಾನು ತುಂಬಿ ಹನ್ನೊಂದನೆಯದಕ್ಕೆ ಇಳಿಯಿತು. ಪಾಲಯ್ಯ ಫೋನಿನಲ್ಲಿ ಕೂಗುವುದು ಬಿಟ್ಟು ಮಾತಾಡುವುದನ್ನು ಕಲಿತ. ನಾನು ಒಂದು ತಿಂಗಳು ಕಲ್ಲು ಹೊತ್ತೆ, ಯಾರೂ ರಿಯಾಯಿತಿ ತೋರಿಸಲಿಲ್ಲ, ನಾನೂ ಕೇಳಲಿಲ್ಲ. ಅಂದು ಮಂಗಳವಾರ ಬಂದ ನರ್ಸಮ್ಮ ಕೊಟ್ಟ ಔಷಧಿಗೆ ಅವ್ವನ ಜ್ವರ ಇಳಿದಿತ್ತು. ಅವಳು ಜಗುಲಿಯಲ್ಲಿ ಕೂತು, ಕಲ್ಲು ಹೊತ್ತು ಬಂದ ನನ್ನ ಹೆಗಲಿಗೆ ಎಣ್ಣೆ ತಿಕ್ಕುತ್ತಾ, "ಬಾಯಿ ಬಿಟ್ಟು ಹೇಳ್ದೆಯಲ್ಲ, ಒಳ್ಳೇದಾಯ್ತು" ಎಂದಳು.

ಮೂರನೆಯ ವರ್ಷ ಮುಗಿಯುವ ಹೊತ್ತಿಗೆ ವ್ಯಾನು ದಿನವೂ ಬರುತ್ತಿತ್ತು. ದಿನಾ ಓಡಾಡುವ ದಾರಿಯೆಂದು ಪೇಟೆಯವರು ಏರಿಗೆ ಜಲ್ಲಿ ಹಾಕಿಸಿದರು. ಡೈರಿಯ ಪಕ್ಕದ ಕೋಣೆಗೆ ಸುಣ್ಣ ಬಳಿದು ನರ್ಸಮ್ಮನನ್ನು ಅಲ್ಲೇ ಉಳಿಸಿಕೊಂಡೆವು. ಅವಳ ದೀಪಕ್ಕೂ ಒಲೆಗೂ ಸಗಣಿ ಗ್ಯಾಸು. ಮುರುಡಪ್ಪ ಆಡು ಅರ್ಧಕ್ಕಿಳಿಸಿ ಎರಡು ಎಮ್ಮೆ ಕಟ್ಟಿದ, ಅವಕ್ಕೆ ಮೊಮ್ಮಕ್ಕಳ ಹೆಸರಿಟ್ಟ. ನಾಲ್ಕನೆಯ ವರ್ಷದ ಮಳೆಗಾಲ ಕಳೆದ ಮೇಲೆ ಡಾಕ್ಟರು ಗುಡ್ಡವನ್ನು ನಾಲ್ಕು ಪಾಲು ಮಾಡಿಕೊಟ್ಟರು. ಒಂದು ಪಾಲಿನಲ್ಲಿ ಹತ್ತು ದಿನ ಮೇಯಿಸುವುದು, ಮತ್ತೆ ಅಲ್ಲಿಗೆ ಮರಳುವ ಮೊದಲು ಹುಲ್ಲಿಗೆ ಒಂದು ತಿಂಗಳು ವಿರಾಮ. ಮೊದಲ ಸರದಿಯ ದಿನ ಇಡೀ ಊರು ತಮ್ಮ ತಮ್ಮ ದನಗಳ ಹಿಂದೆ ಗುಡ್ಡ ಹತ್ತಿತು. ಜೋಡಿಕಲ್ಲಿನ ಕೆಳಗೆ ನೆಲ ಒದ್ದೆಯಾಗಿತ್ತು. ಕೈಯಿಂದ ಮಣ್ಣು ಸರಿಸಿದೆ, ನೀರು ಜಿನುಗಿ, ಗುಳಿ ತುಂಬಿ, ಬೆರಳಗಲದ ಗೆರೆಯಾಗಿ ಹರಿಯಿತು. ಸೋಬಾನೆ ಬಗ್ಗಿ ಕುಡಿದಳು.

ಸಂಜೆ ಸೋಬಾನೆಯನ್ನು ಕರೆದೆ. ಹಾಲು ಬಿಸಿಯಾಗಿರುವಾಗಲೇ ಓಡಿ ಬಂದು ಅವ್ವನ ಕೈಗಿಟ್ಟೆ. ಮೂರೂವರೆ ವರ್ಷ ಕಾದ ಲೋಟ. ಅವಳು ಹನಿಹನಿಯಾಗಿ ಕುಡಿದಳು. ನಾನು ಎದುರು ಕುಕ್ಕರುಗಾಲಲ್ಲಿ ಕೂತು ಅವಳ ಮುಖವನ್ನೇ ನೋಡುತ್ತಿದ್ದೆ.

"ಏನು ಕಂಡೆ, ಅವ್ವಾ?"

"ಎಲ್ಲ ಐತೆ" ಎಂದಳು. "ಹುಲ್ಲೈತೆ. ಒರತೆ ಹರೀತೈತೆ, ನೀರಲ್ಲಿ ಸೋಬಾನೆ ಮೂತಿ ಕೂಡ ಕಾಣ್ತು. ಬಲು ಚೆನ್ನಾಗೈತೆ ಕಣವ್ವ." ಲೋಟವನ್ನು ಮಡಿಲಲ್ಲಿಟ್ಟುಕೊಂಡಳು. "ನೀನೆಲ್ಲಿ?"

"ನಾನು ಹಿಂದೆ ಇದ್ದೆ. ದನ ಕಾಯೋರು ಹಿಂದೆ ಇರೋದಲ್ವಾ?"

"ಅದೇ ನಾನು ಹೇಳೋದು. ಮೂರು ವರ್ಷಕ್ಕೂ ಮೇಲೆ ದಿನಾ ಹುಲ್ಲು ಹಿಡ್ಕೊಂಡು ನನ್ನೆದುರಿಗೇ ಬಂದು ನಿಲ್ತಿದ್ದೆ. ಇವತ್ತು ಇಲ್ಲ."

 "ಗೋಡೆ ಕಾಣ್ತೈತೆ ಅಂತಿದ್ದೆಯಲ್ಲ?" ಎಂದೆ.

"ಗೋಡೆನೂ ಇತ್ತು. ನಿನ್ನ ಹಿಂದೆ." ಅವಳು ಕೈ ಚಾಚಿ ನನ್ನ ಕೆನ್ನೆ ಹುಡುಕಿದಳು. "ಕಿವಿ ಹತ್ರ ಕೂದಲು ನೆರೆತೈತೆ. ಎಡಗಡೆ ಒಂದು ಹಲ್ಲು ಹೋಗೈತೆ, ನಂಗೆ ಹೇಳೇ ಇಲ್ಲ ನೀನು. ಆ ಹಸೀಗೆ ದಿನಾ ಅಷ್ಟೊಂದು ಏನು ಬೈತಿದ್ದೆಯೋ, ತುಟಿ ನೋಡಿ ಗೊತ್ತು ಮಾಡ್ಕೊಳ್ಳೋಣ ಅಂತ ನೋಡ್ದೆ, ಆಗ್ಲಿಲ್ಲ. ಅತ್ತ ದಿನ ಮಾತ್ರ ಗೊತ್ತಾಗೋದು."

 ಆ ಕೊಟ್ಟಿಗೆಯಲ್ಲಿ ನನ್ನನ್ನು ನೋಡುವವರು ಯಾರೂ ಇಲ್ಲವೆಂದು ನಾನು ಅತ್ತದ್ದೆಷ್ಟು. "ಹೇಳಬಾರದಿತ್ತಾ?" ಎಂದೆ.

"ಹೇಳಿದ್ರೆ ಮುಖ ತೊಳ್ಕೊಂಡು, ತಲೆ ಬಾಚ್ಕೊಂಡು, ನಗ್ತಾ ಬಂದು ನಿಲ್ತಿದ್ದೆ. ಆ ಮುಖ ನಂಗ್ಯಾಕೆ? ಅದು ನೆಂಟರಿಗೆ." ಕೆನ್ನೆಯಿಂದ ಕೈ ತೆಗೆಯಲಿಲ್ಲ. "ನಾಳೆಯಿಂದ ಸೋಬಾನೆ ಮುಂದೆ ನಡಿ."

ಹೀಗಾಗಿ ನಮ್ಮೂರಲ್ಲಿ ದನದ ಮುಂದೆ ನಡೆಯುವ ದನಗಾಹಿ ನಾನೊಬ್ಬಳೇ. ಸೋಬಾನೆ ಮೇಯುವ ಕಡೆಗೆ ಮುಖ ಮಾಡಿ ಹಿಂದು ಹಿಂದಕ್ಕೆ ಹೆಜ್ಜೆ ಹಾಕುತ್ತೇನೆ, ಹುಲ್ಲಿನಲ್ಲಿ ಮರೆಯಾದ ಕಲ್ಲಿಗೆ ಎಡವುತ್ತೇನೆ, ಮುರುಡಪ್ಪ ತನ್ನ ಎಮ್ಮೆಗಳ ಹಿಂದೆ ನಿಂತು ಹೊಟ್ಟೆ ಹಿಡಿದು ನಗುತ್ತಾನೆ. ನಗಲಿ. ನಾನು ಸೋಬಾನೆಗೆ ಎಂದಿನಂತೆ ಬೈಯುತ್ತಲೇ ಇರುತ್ತೇನೆ, ತುಟಿಯನ್ನು ಮೊದಲಿಗಿಂತ ಚೂರು ಬಿಡಿಸಿ ಆಡುತ್ತೇನೆ. ಮುಖ ಮಾತ್ರ ತೊಳೆದುಕೊಂಡು ಹೋಗುವುದಿಲ್ಲ.